ಮುನಿರಾಜು ಡಾಕ್ಟರ ಎಡಗಡೆ

ಇವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಅತ್ತೆಯವರ ಕಣ್ಣಿಗೆ ಹನಿ ಹಾಕಿ, ಅವರ ಜಡೆ ಹೆಣೆದೆ. ಮುನಿರಾಜು ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಬೆಂಗಳೂರಿನ ಕಣ್ಣಿನ ಡಾಕ್ಟರಿಗೆ ವಿಡಿಯೋದಲ್ಲಿ ತೋರಿಸುವ ದಿನ. ಹೋದರೆ ಬಾಗಿಲು ಹಾಕಿತ್ತು. ಪಕ್ಕದ ಮೆಡಿಕಲ್ ಶಾಪಿನವರು ಹೇಳಿದರು: "ಡಾಕ್ಟ್ರು ಇನ್ಮೇಲೆ ಬರಲ್ಲಮ್ಮ. ಎಡಗಣ್ಣು ಪೂರ್ತಿ ಹೋಗಿದೆಯಂತೆ, ಬಲಗಣ್ಣೂ ಅಷ್ಟಕ್ಕಷ್ಟೆ. ಚಿಂತಾಮಣಿಗೆ, ಮಗಳ ಮನೆಗೆ ಹೋದ್ರು."

ಶಿಡ್ಲಘಟ್ಟದ ನಮ್ಮ ಬೀದಿಯ ಜ್ವರ ಕೆಮ್ಮೆಲ್ಲ ಅವರ ಪಾಲಿನದೇ. ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಯೇ ಎದೆಗಿಡುತ್ತಿದ್ದರು. ಗರಿಗರಿ ಬಿಳಿ ಅಂಗಿ. ಮೇಲಿನ ಗುಂಡಿ ಮಾತ್ರ ಸದಾ ಬೇರೆ ಬಣ್ಣದ್ದು. ಯಾರಾದರೂ ಕಣ್ಣು ಮಂಜು ಎಂದರೆ, "ಬಸ್ಸಲ್ಲಿ ಯಾಕೆ ಒದ್ದಾಡ್ತೀರಿ? ಬೆಂಗಳೂರಿನ ಕಣ್ಣಿನ ಡಾಕ್ಟರಮ್ಮನ್ನೇ ಇಲ್ಲಿಗೆ ಕರಸ್ತೀನಿ" ಎಂದು ಕಂಪ್ಯೂಟರ್ ತಿರುಗಿಸುತ್ತಿದ್ದರು.

ಮೊದಲ ಸಲ ಡಾಕ್ಟರು ಫೋನಿಗೆ ಪುಟ್ಟ ಲೆನ್ಸ್ ಸಿಕ್ಕಿಸಿ ಕಣ್ಣಿನೊಳಗಿನ ಚಿತ್ರ ತೆಗೆಯಲು ಬಂದಾಗ ಅತ್ತೆ ಸೆರಗು ಸರಿಮಾಡಿಕೊಂಡು ನಕ್ಕರು.

"ಮದುವೆ ಫೋಟೋ ಅಲ್ಲ ಕಣಮ್ಮ, ಕಣ್ಣು ಬಿಟ್ರೆ ಸಾಕು!"

"ಆ ಹುಡುಗಿ ನೋಡ್ತಾಳಲ್ಲಪ್ಪ," ಎಂದರು ಅತ್ತೆ, ತೆರೆಯಲ್ಲಿದ್ದ ಕಣ್ಣಿನ ಡಾಕ್ಟರನ್ನು ತೋರಿಸಿ.

ಮಗಳ ವಯಸ್ಸಿನ ಆ ಹುಡುಗಿಯನ್ನು ಡಾಕ್ಟರು 'ಮೇಡಂ' ಎಂದೇ ಕರೆಯುತ್ತಿದ್ದರು.

ಕಳೆದ ಸಲ ಮೇಡಂ ತೆರೆಯಿಂದ ಕೇಳಿದರು: "ಅಜ್ಜಿ, ನಡೆಯೋವಾಗ ಪಕ್ಕದಲ್ಲಿರೋದು ಕಾಣದೆ ತಗಲುತ್ತಾ?" ಕಿವಿ ಮಂದವಾದ ಅತ್ತೆಗೆ ಡಾಕ್ಟರು ಅದನ್ನೇ ಗಟ್ಟಿಯಾಗಿ ಕೇಳಿದರು. ಅತ್ತೆ, "ಇಲ್ಲಪ್ಪ" ಅಂದರು.

ನಾನು ಡಾಕ್ಟರನ್ನು ನೋಡಿದೆ. ಆಗಷ್ಟೇ ಎಡಗಡೆಯ ಸ್ಟೂಲಿಗೆ ಮೊಣಕಾಲು ತಗಲಿಸಿಕೊಂಡು, "ಇದನ್ನ ಯಾರಪ್ಪ ಇಲ್ಲಿಟ್ಟಿದ್ದು?" ಎಂದಿದ್ದರು. ಅದು ಯಾವಾಗಲೂ ಅಲ್ಲೇ ಇರುತ್ತಿತ್ತು. ಅದಕ್ಕೂ ಹಿಂದಿನ ಸಲ ಎಡಗೈ ಪಕ್ಕದ ಕಾಫಿ ಲೋಟ ಉರುಳಿತ್ತು. ಎಡಗಡೆಯಿಂದ ನಮಸ್ಕಾರ ಮಾಡಿದವರು ಅವರಿಗೆ ಕಾಣುತ್ತಲೇ ಇರಲಿಲ್ಲ. 'ಮೇಡಂ, ಇವರ ಕಣ್ಣನ್ನೂ ಒಮ್ಮೆ ನೋಡಿ' ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ನೋಡಬೇಕಾದವರು ಎದುರಿಗೇ ಇದ್ದರು. ಆದರೆ ಮುನಿರಾಜು ಅವರು ದೊಡ್ಡವರು, ಡಾಕ್ಟರು. ಹೊರಗೆ ರೋಗಿಗಳು ಕೂತಿದ್ದರು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ನಯ ನನ್ನ ಬಾಯಿ ಕಟ್ಟಿತು. ಹೊರಡುವಾಗ ಸದ್ದಿಲ್ಲದೆ ಸ್ಟೂಲನ್ನು ಗೋಡೆ ಬದಿಗೆ ಸರಿಸಿಟ್ಟೆ. ಉಪಕಾರ ಮಾಡಿದೆ ಅಂದುಕೊಂಡೇ ಮನೆಗೆ ಬಂದೆ.

ಸಂಜೆ ಕಾಂಪೌಂಡಿನಾಚೆ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯ ಶಾರದಮ್ಮನಿಗೆ ವಿಷಯ ಹೇಳಿದೆ.

"ಅಯ್ಯೋ ಪಾಪ," ಎಂದು ಅವರು ಹಗ್ಗದಿಂದ ಸೀರೆ ಎಳೆದುಕೊಂಡರು. "ನಮ್ಮನೆ ಪರದೆ ಬದಲಾಯಿಸಿದ್ರೆ ಬೀದೀಲಿ ಹೋಗ್ತಾನೇ ಕಂಡ್ಹಿಡೀತೀಯ. ಅಷ್ಟು ಸಲ ಅವರ ಹತ್ರ ಹೋಗಿದೀಯ, ನಿಂಗೂ ಏನೂ ಕಾಣ್ಲಿಲ್ವೇನೇ?"