ಒಂದೇ ಬಾಗಿಲಿನ ನಕ್ಷೆ

ಎಂಬತ್ತರ ದಶಕದ ಕೊನೆಯಲ್ಲಿ ಅತ್ತಾವರದ ಒಂದು ಆಸ್ಪತ್ರೆಗೆ ಕಂಪ್ಯೂಟರ್ ಬಂತು. ಅದಕ್ಕೆ ಪ್ರೋಗ್ರಾಂ ಬರೆಯಲು ಇದ್ದವರು ಇಬ್ಬರೇ: ಆಗಷ್ಟೇ ಕಾಲೇಜು ಮುಗಿಸಿದ್ದ ನಾನು ಮತ್ತು ನನಗೆ ಕೆಲಸ ಕಲಿಸಿದ ಮೇಡಂ. ಅವರು ಕುಲಶೇಖರದ ಕೊಂಕಣಿ ಕ್ರೈಸ್ತರು. ಗಂಡನೊಡನೆ ಗಲ್ಫಿನಲ್ಲಿದ್ದಾಗ ಈ ಕೆಲಸ ಕಲಿತು, ಗಂಡ ಅಲ್ಲಿಯೇ ತೀರಿಕೊಂಡ ಮೇಲೆ ಊರಿಗೆ ಮರಳಿದ್ದರು.

ಆಸ್ಪತ್ರೆಯ ಕೆಲಸ ಹೇಗೆ ಸಾಗುತ್ತದೆ ಎಂಬ ನಕ್ಷೆ ಹಾಳೆಯ ಮೇಲೆ ಮುಗಿಯದೆ ಪ್ರೋಗ್ರಾಮಿನ ಒಂದು ಸಾಲೂ ಬರೆಯಬಾರದು ಎನ್ನುವುದು ಅವರ ಕಟ್ಟುನಿಟ್ಟು. ರೋಗಿ ದಾಖಲಾಗುವುದು ಒಂದು ಚೌಕ, ವಾರ್ಡು ಇನ್ನೊಂದು, ಔಷಧಿ ಮತ್ತೊಂದು, ನಡುವೆ ಬಾಣಗಳು. ಅವಸರದ ನನಗೆ ಅದು ಕಿರಿಕಿರಿ. ಆದರೆ ಹಾಳೆಯನ್ನು ಮೇಜಿನ ಮೇಲೆ ಹರಡಿದಾಗ, ಕಂಪ್ಯೂಟರನ್ನೇ ಕಂಡಿರದ ಡಾಕ್ಟರೂ ನರ್ಸುಗಳ ಮುಖ್ಯಸ್ಥೆ ಮೇಟ್ರನ್ನೂ ಬೆರಳಿಟ್ಟು ಮಾತಾಡಿದರು. ಎಕ್ಸ್‌ರೇ ಮುಗಿಸಿದವರನ್ನು ನಾವು ನಕ್ಷೆಯಲ್ಲಿ ನೇರ ಬಿಲ್ಲಿಗೆ ಕಳಿಸಿದ್ದೆವು. ಅವರು ವಾರ್ಡಿಗೆ ಮರಳಬೇಕೆಂದು ಮೇಟ್ರನ್ ತಿದ್ದಿಸಿದರು. ಎಲ್ಲರೂ ಒಪ್ಪಿದ ಮೇಲೆ ಪ್ರೋಗ್ರಾಂ ಬರೆದೆವು.

ಅದು ಶುರುವಾದ ಕೆಲವೇ ದಿನಗಳಲ್ಲಿ ವಯಸ್ಸಾದ ರೋಗಿಯೊಬ್ಬರು ತೀರಿಕೊಂಡರು. ಶವ ಒಯ್ಯಲು ಮಗ ಕೌಂಟರಿನಲ್ಲಿ ನಿಂತಿದ್ದರು. ಕಂಪ್ಯೂಟರಿನ ಪರದೆ ಮಾತ್ರ, ರೋಗಿ ಮತ್ತೆ ತೋರಿಸಲು ಬರಬೇಕಾದ ತಾರೀಕು ಕೇಳುತ್ತಿತ್ತು. ಅದನ್ನು ತುಂಬದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಕೌಂಟರಿನ ಹುಡುಗಿ ನಮ್ಮನ್ನು ಕರೆಸುವಷ್ಟರಲ್ಲಿ ಮಗನೂ ಅದನ್ನು ಓದಿಯಾಗಿತ್ತು. ಮೇಡಂ ಎಲ್ಲವನ್ನೂ ಕೈಯಲ್ಲೇ ಬರೆದುಕೊಟ್ಟು ಕ್ಷಮೆ ಕೇಳಿದರು.

"ಅದಕ್ಕೆ ಎಂತ ಗೊತ್ತುಂಟು ಮೇಡಂ," ಎಂದಷ್ಟೇ ಹೇಳಿ ಮಗ ತಂದೆಯ ಬಟ್ಟೆಯ ಚೀಲ ಎತ್ತಿಕೊಂಡರು.

ಒಳಗೆ ಬಂದು ನಕ್ಷೆ ಹರಡಿದೆವು. ಆಸ್ಪತ್ರೆಯಿಂದ ಹೊರಗೆ ಇದ್ದದ್ದು ಒಂದೇ ಬಾಣ, ಮನೆಗೆ. ತೀರಿಕೊಂಡವರಿಗೆ ಬಾಣವೇ ಇಲ್ಲವೆಂಬುದು ದಿನವೂ ಸಾವು ಕಾಣುವ ಡಾಕ್ಟರಿಗೂ ಹೊಳೆದಿರಲಿಲ್ಲ.

"ಇದರಲ್ಲಿ ಇದ್ದದ್ದು ತಪ್ಪಿದ್ರೆ ಕಾಣ್ತದೆ. ಇಲ್ಲದ್ದು ಕಾಣುದಿಲ್ಲ," ಎಂದರು ಮೇಡಂ. ಆ ಒಂದೇ ಬಾಣದ ಮೇಲೆ ಬೆರಳಿಟ್ಟು, "ನಮ್ಮವರನ್ನು ಗಲ್ಫಿನಿಂದ ತರ್ಲಿಕ್ಕೆ ನಾನು ಎಷ್ಟು ಕೌಂಟರಿನಲ್ಲಿ ನಿಂತಿದ್ದೇನೆ. ನನಗಾದ್ರೂ ನೆನಪಾಗ್ಬೇಕಿತ್ತು," ಎಂದರು. ಗಂಡನ ಸಾವಿನ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಆಮೇಲೆ ಅವರು ಪೆನ್ಸಿಲು ತೆಗೆದುಕೊಂಡು ತೀರಿಕೊಂಡವರಿಗಾಗಿ ಇನ್ನೊಂದು ಬಾಣ ಎಳೆದರು. ಅದು ಎಲ್ಲೆಲ್ಲಿ ತಾಗುತ್ತದೆ ಎಂಬುದು ನಕ್ಷೆಯಲ್ಲೇ ಕಂಡಿತು: ಹಾಸಿಗೆ, ಔಷಧಿ, ಬಿಲ್ಲು. ಸಂಜೆಯೊಳಗೆ ತಿದ್ದಿ ಮುಗಿಸಿದೆವು. ನಕ್ಷೆ ಇಲ್ಲದಿದ್ದರೆ ಪ್ರೋಗ್ರಾಮಿನೊಳಗೆ ವಾರಗಟ್ಟಲೆ ತಡಕಾಡಬೇಕಿತ್ತು.

ಮುಂದೆ ಹೆರಿಗೆ ವಿಭಾಗದ ಕೆಲಸ ಬಂದಾಗ ಮೇಡಂ ನನ್ನನ್ನು ಕರೆದುಕೊಂಡು ಹೋಗಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತರು. ಕಾಯುತ್ತಿದ್ದವರ ಜೊತೆ ತುಳುವಿನಲ್ಲಿ, ಕೊಂಕಣಿಯಲ್ಲಿ ಮಾತಾಡಿದರು, ಹೆಚ್ಚಾಗಿ ಕೇಳಿಸಿಕೊಂಡರು. ನಾವು ಮರೆಯಬಹುದಾದದ್ದು ಅವರ ಮಾತಿನಲ್ಲಿ ಸಿಗಲಿ ಎಂದು, ನನಗೆ ಹಾಳೆ ಮುಟ್ಟಲು ಬಹಳ ದಿನ ಬಿಡಲಿಲ್ಲ.