ಲವಾನ್‌ಳ ‘ಪರವಾಗಿಲ್ಲ’

ನೋರ್ಬಿ ಎಂಬ ನಮ್ಮೂರಲ್ಲಿ ಯಾರನ್ನಾದರೂ ‘ಹೇಗಿದ್ದೀರಿ’ ಎಂದು ಕೇಳಿ ನೋಡಿ, ‘ಪರವಾಗಿಲ್ಲ’ ಎನ್ನುತ್ತಾರೆ. ಮಗನ ಮದುವೆಯಾದ ಮರುದಿನ ಕೇಳಿದರೂ ಅದೇ ಉತ್ತರ, ಕೊಟ್ಟಿಗೆಗೆ ಬೆಂಕಿ ಬಿದ್ದ ಮರುದಿನ ಕೇಳಿದರೂ ಅದೇ ಉತ್ತರ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಈ ಬಡಗಣ ತುದಿಯಲ್ಲಿ ಅರ್ಧ ವರ್ಷ ಹಿಮ ಕೂತಿರುತ್ತದೆ, ಅದರ ಬಗ್ಗೆಯೂ ಯಾರೂ ಗೊಣಗುವುದಿಲ್ಲ. ಗೊಣಗಿದರೆ ಕೇಳುವವರಿಗೆ ಎಲ್ಲಿ ತೊಂದರೆಯಾಗುತ್ತದೋ ಎಂಬ ಸಂಕೋಚ. ಇಂಥ ಊರಿನವರೇ ಲವಾನ್ ಹೌಗ್‌ಸ್ಟಾಡ್‌ಳನ್ನು ಕಂಡು ‘ಅಬ್ಬಾ, ಇವಳೇನು ಕಲ್ಲಾ!’ ಎನ್ನುತ್ತಿದ್ದರು. ಅವಳು ಎಂಥವಳಿರಬೇಕು, ನೀವೇ ಯೋಚಿಸಿ.

ಲವಾನ್ ಊರ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗಿನ ಮೇಯರ್‌ನಿಂದ ಹಿಡಿದು ಪೆಟ್ರೋಲ್ ಬಂಕಿನ ಹುಡುಗಿಯವರೆಗೆ ಎಲ್ಲರೂ ಅವಳ ಕೈಯಡುಗೆ ಉಂಡು ಬೆಳೆದವರೇ. ಒಮ್ಮೆ ಕುದಿಯುವ ಸೂಪು ಮೊಣಕೈವರೆಗೂ ಚೆಲ್ಲಿದಾಗ, ಮಕ್ಕಳ ಊಟದ ಗಂಟೆ ಮುಗಿಯುವವರೆಗೂ ಬಡಿಸಿ, ಆಮೇಲೆ ಆಸ್ಪತ್ರೆಗೆ ಹೋದಳಂತೆ. ಹೆರಿಗೆಯಲ್ಲಿ ನರ್ಸ್ ‘ನೋವು ಎಷ್ಟಿದೆ’ ಎಂದು ಕೇಳಿದ್ದಕ್ಕೆ ‘ನಿಮಗೆ ಬೇರೆ ಕೆಲಸ ಇದ್ರೆ ನೋಡ್ಕೊಳ್ಳಿ’ ಎಂದಳಂತೆ. ಗಂಡ ವರ್ಲಿನ್ ಕಾಗದದ ಕಾರ್ಖಾನೆಯಲ್ಲಿದ್ದವನು. ಅವನೂ ಇವಳಿಗೇನು ಕಡಿಮೆಯಲ್ಲ, ಹೇಳಿ ಮಾಡಿಸಿದ ಜೋಡಿ.

ವಯಸ್ಸು ಅರವತ್ತು ದಾಟಿದ ಮೇಲೆ ಲವಾನ್‌ಗೆ ಕೀಲುವಾತ ಹಿಡಿಯಿತು. ಬೆರಳ ಗಂಟುಗಳು ಊದಿಕೊಂಡು ಕೈ ಮಡಚಲು ಬಾರದಂತಾಯಿತು. ಎರಡು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಒಂದು ಬಂದಿತ್ತು, ಅದು ಅವಳ ಕೈಗಳನ್ನು ಅವಳಿಗೆ ವಾಪಸು ಕೊಟ್ಟಿತು. ಬೆಲೆ ಮಾತ್ರ ಕೇಳಬೇಡಿ. ಒಂದು ತಿಂಗಳ ಇಂಜೆಕ್ಷನ್ ದುಡ್ಡಿನಲ್ಲಿ ನಮ್ಮೂರಲ್ಲಿ ಓಡುವ ಸ್ಥಿತಿಯ ಹಳೇ ಕಾರು ಸಿಗುತ್ತದೆ. ಕಾರ್ಖಾನೆಯ ಪಿಂಚಣಿದಾರರ ವಿಮೆ ಅದನ್ನು ಕಟ್ಟುತ್ತಿದ್ದುದರಿಂದ ನಡೆಯುತ್ತಿತ್ತು.

ಹೊಸ ವರ್ಷಕ್ಕೆ ಕಾರ್ಖಾನೆಯವರು ವಿಮೆ ಕಂಪನಿಯನ್ನೇ ಬದಲಾಯಿಸಿದರು. ಹೊಸ ಕಂಪನಿಯ ನಿಯಮ ಬೇರೆ. ಮೊದಲು ಅಗ್ಗದ ಮಾತ್ರೆ ತಿನ್ನಬೇಕು, ಅದು ಫೇಲ್ ಆಗಬೇಕು, ಫೇಲ್ ಆಯಿತೆಂದು ಕಂಪನಿಗೆ ಮನವರಿಕೆಯಾಗಬೇಕು, ಆಮೇಲೆ ಇಂಜೆಕ್ಷನ್. ಆ ಮಾತ್ರೆ ಹಿಂದೆಯೇ ತಿಂದು ನೋಡಿಯಾಗಿದೆ ಎಂದರೆ, ನಮ್ಮ ಕಾಲದಲ್ಲಿ ತಿಂದಿದ್ದಲ್ಲವಲ್ಲ ಎಂದರು. ಯಾವ ಪುಣ್ಯಾತ್ಮ ಕೂತು ಬರೆದ ನಿಯಮವೋ, ಅವನ ಕೈಬೆರಳು ಚೆನ್ನಾಗಿರಲಿ! ಲವಾನ್ ಮಾತ್ರ ಒಂದು ಮಾತೂ ಆಡದೆ ಮಾತ್ರೆ ನುಂಗತೊಡಗಿದಳು. ಬೇಸಿಗೆ ಮುಗಿಯುವಷ್ಟರಲ್ಲಿ ಬೆರಳುಗಳು ಮತ್ತೆ ಊದಿ ಗಟ್ಟಿಯಾಗಿದ್ದವು.

ತನ್ನ ಕೈಗಾಗಿ ಅವಳಿಗೆ ಅಂಥ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ವರ್ಲಿನ್‌ನ ಕಣ್ಣಿಗಾಗಿ. ಅವನಿಗೆ ಕಣ್ಣೊಳಗೆ ಒತ್ತಡ ಏರುವ ಕಾಯಿಲೆ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣನ್ನು ಉಳಿಸಿಕೊಂಡಿದ್ದು ರಾತ್ರಿ ಮಲಗುವ ಮುಂಚೆ ಹಾಕುವ ಒಂದೇ ಒಂದು ಹನಿ ಔಷಧಿ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಹನಿ ತಪ್ಪಿಸಬೇಡಿ ಎಂದು ಕಣ್ಣಿನ ಡಾಕ್ಟರು ಒತ್ತಿ ಹೇಳಿದ್ದರು. ವರ್ಲಿನ್‌ಗೆ ಕೈ ನಡುಕ, ತಾನೇ ಹಾಕಿಕೊಳ್ಳಲಾರ. ಆದ್ದರಿಂದ ಹನಿ ಹಾಕುವುದು ಲವಾನ್‌ಳ ಕೆಲಸ. ಅವನು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂರುವನು. ಬೆರಳಿನಿಂದ ಒತ್ತಲಾಗದೆ ಅವಳು ಆ ಪುಟ್ಟ ಸೀಸೆಯನ್ನು ಎರಡು ಅಂಗೈ ನಡುವೆ ಹಿಡಿದು, ಮೈಭಾರವನ್ನೆಲ್ಲ ಕೈಗೆ ಬಿಟ್ಟು ಅದುಮುವಳು. ಅವಳದೇ ಕೈ ಅಡ್ಡ ಬಂದು ಅವನ ಕಣ್ಣು ಅವಳಿಗೆ ಕಾಣುತ್ತಿರಲಿಲ್ಲ.

“ಬಿತ್ತಾ?”

“ಬಿತ್ತು” ಎಂದು ವರ್ಲಿನ್ ಕಣ್ಣು ಮುಚ್ಚಿಕೊಳ್ಳುವನು.

ದಿನಕ್ಕೆ ಅದೊಂದು ಕೆಲಸವನ್ನಾದರೂ ಈ ಕೈ ಮಾಡುತ್ತಿದೆಯಲ್ಲ ಎಂದು ಅವಳಿಗೆ ಸಮಾಧಾನ. ಅದಕ್ಕೂ ಕುತ್ತು ಬಂತು. ಅದುಮಿದಾಗ ಒಂದರ ಬದಲು ಮೂರು ಹನಿ ಸುರಿದು ಸೀಸೆ ಬೇಗ ಖಾಲಿಯಾಗುತ್ತಿತ್ತು. ಔಷಧಿ ಅಂಗಡಿಯ ಆರಿನ್ ಕಂಪ್ಯೂಟರ್ ನೋಡಿ, “ತಿಂಗಳು ಇನ್ನೂ ತುಂಬಿಲ್ವಲ್ಲ ಲವಾನ್, ಈಗ್ಲೇ ಕೊಟ್ರೆ ಕಂಪನಿಯವರು ಕಟ್ಟಲ್ಲ” ಎಂದು ತಾನೇ ತಪ್ಪು ಮಾಡಿದವನಂತೆ ಮುಖ ಸಣ್ಣದು ಮಾಡಿಕೊಂಡ.

ಮನೆಯಲ್ಲಿ ಇದನ್ನು ಕೇಳಿ ವರ್ಲಿನ್ ನಕ್ಕುಬಿಟ್ಟ. “ನಾಲ್ಕು ದಿನ ಹನಿ ಇಲ್ದಿದ್ರೆ ಕಣ್ಣೇನು ಎದ್ದು ಓಡಿಹೋಗುತ್ತಾ? ಸುಮ್ನಿರು ಮಾರಾಯ್ತಿ.”

ಲವಾನ್ ತನ್ನ ಕೈಯಿಂದಲೇ ದುಡ್ಡು ಕೊಟ್ಟು ಸೀಸೆ ತಂದಳು. ಆದರೆ ಪ್ರತಿ ತಿಂಗಳೂ ಹಾಗೆ ಕೊಳ್ಳುವುದು ಆಗುವ ಮಾತಲ್ಲ. ಇಂಜೆಕ್ಷನ್ ಬಂದರೆ ಬೆರಳು ಮಡಚುತ್ತದೆ, ಬೆರಳು ಮಡಚಿದರೆ ಹನಿ ಅಳತೆಯಲ್ಲಿ ಬೀಳುತ್ತದೆ, ಅವನ ಕಣ್ಣು ಉಳಿಯುತ್ತದೆ. ಬೇರೆ ಏನೂ ಅವಳು ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಕಂಪನಿಯಿಂದ ಒಬ್ಬ ನರ್ಸ್ ಫೋನ್ ಮಾಡಿದಳು. ಮಾತಿನಲ್ಲಿ ಜೇನು ಸುರಿಯುತ್ತಿತ್ತು. ಮಾತ್ರೆ ಹೇಗೆ ಕೆಲಸ ಮಾಡುತ್ತಿದೆ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದಳು. ಪರಿಚಯವಿಲ್ಲದ ಹುಡುಗಿ, ಅಷ್ಟು ಮರ್ಯಾದೆಯಿಂದ ಕೇಳುತ್ತಿದ್ದಾಳೆ, ಅವಳೆದುರು ನೋವು ಹರಡಿಕೊಂಡು ಕೂರುವುದೇ? “ಪರವಾಗಿಲ್ಲಮ್ಮ. ಎರಡು ಅಂತ ಬರ್ಕೊಳ್ಳಿ” ಎಂದಳು ಲವಾನ್. ವಾರ ಕಳೆಯುವುದರೊಳಗೆ ಉತ್ತರ ಬಂತು. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ರೋಗಿಯೇ ಹೇಳಿದ್ದಾರೆ, ಆದ್ದರಿಂದ ಇಂಜೆಕ್ಷನ್‌ಗೆ ಹಣ ಕೊಡಲಾಗದು.

ಊರ ಕ್ಲಿನಿಕ್ಕಿನಲ್ಲಿ ವಿಮೆ ಕಂಪನಿಗಳ ಜೊತೆ ಬಡಿದಾಡಲೆಂದೇ ಒಬ್ಬಳಿದ್ದಾಳೆ, ರೋಸಾನ್ ಡಿಲುಕಾ. ನ್ಯೂಜೆರ್ಸಿಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಅವಳ ಕಡೆಯವರು ಕಾಫಿ ಸ್ವಲ್ಪ ಆರಿದ್ದರೂ ಬೀದಿಗೆ ಕೇಳುವಂತೆ ಹೇಳುವ ಜನ. ಸುದ್ದಿ ತಿಳಿದವಳೇ ಹೌಗ್‌ಸ್ಟಾಡರ ಅಡುಗೆಮನೆಗೆ ನುಗ್ಗಿ ಬಂದಳು.

“ಎರಡಾ? ನಿಮ್ಮ ಬೆರಳು ನೋಡಿ, ಶುಂಠಿ ಬೇರಿನ ಹಾಗಿದೆ! ಯಾವ ಬಾಯಲ್ಲಿ ಎರಡು ಅಂದ್ರಿ?”

“ಪಾಪ, ಆ ಹುಡುಗಿ ಏನ್ ಮಾಡ್ತಾಳೆ ನನ್ನ ನೋವು ಕಟ್ಕೊಂಡು?”

“ಅಯ್ಯೋ ನಿಮ್ಮ! ಅವಳಿಗೆ ಸಂಬಳ ಕೊಡೋದೇ ಅದನ್ನ ಕೇಳೋಕೆ.” ರೋಸಾನ್ ಕುರ್ಚಿ ಎಳೆದುಕೊಂಡು ಕೂತಳು. “ಇನ್ನೊಂದೇ ಮೇಲ್ಮನವಿ ಉಳಿದಿರೋದು. ಕಂಪನಿ ಡಾಕ್ಟ್ರು ಫೋನಲ್ಲಿ ನಿಮ್ಮ ಹತ್ರಾನೇ ಮಾತಾಡ್ತಾರೆ. ಅವರ ಮುಂದೆ ಮಾತ್ರೆ ಫೇಲ್ ಆಗ್ಬೇಕು.”

“ನಾನು ಜನ್ಮದಲ್ಲಿ ಫೇಲ್ ಆದೋಳಲ್ಲ” ಎಂದು ಲವಾನ್ ಮುಖ ಕೆಂಪಗೆ ಮಾಡಿಕೊಂಡಳು.

“ಫೇಲ್ ಆಗ್ಬೇಕಾಗಿರೋದು ಮಾತ್ರೆ ಕಣ್ರೀ, ನೀವಲ್ಲ! ಬನ್ನಿ, ಗೊಣಗೋದು ಕಲಿಸ್ತೀನಿ.”

ಪಾಠ ಶುರುವಾಯಿತು. ರೋಸಾನ್ ಕಂಪನಿ ಡಾಕ್ಟರಾದಳು, ಲವಾನ್ ಲವಾನ್ ಆಗಿಯೇ ಉಳಿದಳು. ನಲ್ಲಿ ತಿರುಗಿಸಲು ಆಗುತ್ತದೆಯೇ ಎಂದರೆ “ಕಷ್ಟ” ಎನ್ನಬೇಕು. ಅಷ್ಟು ಹೇಳಲು ಅವಳು ಪಟ್ಟ ಪಾಡು ನೋಡಿದ್ದರೆ ಎಂಥವರೂ ನಗುತ್ತಿದ್ದರು. ಹೇಳುವಾಗಲೆಲ್ಲ ಯಾರೋ ಕೇಳಿಸಿಕೊಂಡಾರೆಂಬಂತೆ ಕಿಟಕಿ ಕಡೆ ನೋಡುವಳು. “ಸ್ವಲ್ಪ ಕಷ್ಟ, ಆದ್ರೆ ಬೇರೆಯವ್ರಿಗೆ ಇನ್ನೂ ಜಾಸ್ತಿ ಇರುತ್ತೆ” ಎಂದು ಬಾಲ ಸೇರಿಸುವಳು. ರೋಸಾನ್ ಆ ಬಾಲ ಕತ್ತರಿಸುವಳು, ಅದು ಮತ್ತೆ ಬೆಳೆಯುವುದು. ವರ್ಲಿನ್ ಒಳಗಿನ ಕೋಣೆಯಲ್ಲಿ ಕೂತು ರೇಡಿಯೋ ಸದ್ದು ತಗ್ಗಿಸಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ.

ಫೋನ್ ಬರುವ ದಿನ ಮೂವರೂ ಅಡುಗೆಮನೆ ಮೇಜಿನ ಸುತ್ತ ಕೂತರು. ಫೋನನ್ನು ನಡುವೆ ಇಟ್ಟು, ಎಲ್ಲರಿಗೂ ಕೇಳುವಂತೆ ಮಾಡಿದ್ದರು. ಫೋನ್ ರಿಂಗಾಯಿತು.

“ನಮಸ್ಕಾರ, ನಾನು ಡಾಕ್ಟರ್ ಪ್ರೆಂಟಿಸ್. ಹೇಗಿದ್ದೀರಿ ಮಿಸೆಸ್ ಹೌಗ್‌ಸ್ಟಾಡ್?”

“ಪರವಾಗಿಲ್ಲ ಡಾಕ್ಟ್ರೇ, ನೀವು ಹೇಗಿದ್ದೀರಿ?”

ರೋಸಾನ್ ಹಣೆ ಚಚ್ಚಿಕೊಂಡಳು. ಎಲ್ಲ ಪ್ರಶ್ನೆಗೂ ಉತ್ತರ ಕಲಿಸಿದ್ದಳು, ಈ ಒಂದು ಪ್ರಶ್ನೆ ಅವಳಿಗೆ ಹೊಳೆದಿರಲಿಲ್ಲ.

ಡಾಕ್ಟರ್ ನೋವಿನ ಸಂಖ್ಯೆ ಕೇಳಿದರು. ರೋಸಾನ್ ಕೈ ಮೇಲೆತ್ತಿ, ಮೇಲೆ, ಇನ್ನೂ ಮೇಲೆ ಎಂದು ಸನ್ನೆ ಮಾಡಿದಳು. “ಐದು” ಎಂದಳು ಲವಾನ್. ಅದೇ ಅವಳಿಗೆ ಹಿಮಾಲಯ ಹತ್ತಿದಷ್ಟಾಗಿತ್ತು. “ಬೇಕಾದ್ರೆ ಐದೂವರೆ.”

“ಹಾಗಾದ್ರೆ ಮಾತ್ರೆ ತಕ್ಕಮಟ್ಟಿಗೆ ಕೆಲಸ ಮಾಡ್ತಿದೆ” ಎಂದರು ಡಾಕ್ಟರ್. ಒರಟು ಮನುಷ್ಯನಲ್ಲ, ದಿನವಿಡೀ ಇದನ್ನೇ ಕೇಳಿ ದಣಿದ ದನಿ. “ಯಜಮಾನ್ರ ಕಣ್ಣಿಗೆ ನೀವೇ ಔಷಧಿ ಹಾಕ್ತೀರಿ ಅಂತ ಮೇಲ್ಮನವೀಲಿ ಬರೆದಿದ್ದಾರೆ. ಹಾಕೋಕಾಗುತ್ತಾ?”

ಆಗುವುದಿಲ್ಲ ಎನ್ನಿ ಎಂದು ರೋಸಾನ್ ತುಟಿಯಾಡಿಸಿದಳು. ಆದರೆ ಲವಾನ್ ಸುಳ್ಳು ಹೇಳುವವಳಲ್ಲ, ಅದೂ ತಾನು ಹೆಮ್ಮೆಪಡುವ ಒಂದೇ ಒಂದು ವಿಷಯದಲ್ಲಿ. ಬೆನ್ನು ನೆಟ್ಟಗೆ ಮಾಡಿ ಹೇಳಿದಳು. “ಹಾಕ್ತೀನಿ ಡಾಕ್ಟ್ರೇ. ಒಂದು ರಾತ್ರೀನೂ ತಪ್ಪಿಸಿಲ್ಲ. ಸೀಸೆ ಬೇಗ ಮುಗಿಯುತ್ತೆ, ಅಷ್ಟೇ. ಹನಿ ಮಾತ್ರ ಸರಿಯಾಗಿ ಬೀಳುತ್ತೆ. ಬೇಕಾದ್ರೆ ಅವನನ್ನೇ ಕೇಳಿ, ಇಲ್ಲೇ ಇದ್ದಾನೆ.”

ವರ್ಲಿನ್ ಮೇಜಿನ ಮೇಲಿದ್ದ ತನ್ನ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ.

“ಬೀಳಲ್ಲ” ಎಂದ.

“ಏನಂದೆ?” ಎಂದಳು ಲವಾನ್.

“ಬೀಳಲ್ಲ ಡಾಕ್ಟ್ರೇ. ಬೇಸಿಗೆ ಕಳೆದ್ಮೇಲೆ ಎಲ್ಲೋ ಒಂದೊಂದ್ಸಲ ಬಿದ್ದಿರ್ಬೇಕು. ರೆಪ್ಪೆ ಮೇಲೆ ಬೀಳುತ್ತೆ, ಕೆನ್ನೆ ಮೇಲೆ ಬೀಳುತ್ತೆ, ಒಂದ್ಸಲ ಕಿವಿಯೊಳಗೇ ಹೋಯ್ತು. ಬಿತ್ತು ಅಂತ ನಾನೇ ಸುಳ್ಳು ಹೇಳ್ತಿದ್ದೆ. ಆ ಸೀಸೆ ಅದುಮುವಾಗ ಅವಳು ಉಸಿರು ಬಿಗಿ ಹಿಡಿಯೋದು ಕೇಳಿಸ್ತಿತ್ತು. ಇನ್ನೊಂದ್ಸಲ ಹಾಕು ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ.”

ಲವಾನ್‌ಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಇಷ್ಟು ತಿಂಗಳು ರಾತ್ರಿ ರಾತ್ರಿಯೂ ಅವನ ಕಣ್ಣು ಒಣಗಿಯೇ ಮಲಗಿತ್ತು, ತಾನು ಪಕ್ಕದಲ್ಲಿ ಸಮಾಧಾನವಾಗಿ ನಿದ್ದೆ ಮಾಡಿದ್ದಳು.

“ನಿನ್ನ ಕಣ್ಣು ಹೋಗ್ತಿತ್ತಲ್ಲೋ!”

“ಪರವಾಗಿಲ್ಲ, ಇನ್ನೂ ಕಾಣುತ್ತೆ—”

“ಪರವಾಗಿಲ್ಲ ಅಂತೆ ಪರವಾಗಿಲ್ಲ! ನಿನ್ನ ಪರವಾಗಿಲ್ಲಕ್ಕಿಷ್ಟು ಬೆಂಕಿ ಹಾಕ!” ಲವಾನ್ ಎದ್ದು ನಿಂತಿದ್ದಳು. ಅವಳ ಆ ದನಿಯನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. “ಬೀಳ್ಲಿಲ್ಲ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ? ನಾನೇನು ಗಾಜಿನ ಗೊಂಬೇನಾ? ಹೂಂ, ನೋಯುತ್ತೆ! ಬೆಳಿಗ್ಗೆ ಎದ್ರೆ ಹಲ್ಲುಜ್ಜೋ ಬ್ರಷ್ ಹಿಡಿಯೋಕಾಗಲ್ಲ. ಗುಂಡಿ ಹಾಕೋಕಾಗಲ್ಲ ಅಂತ ಸ್ವೆಟರ್ ಹಾಕ್ಕೊಂಡು ಓಡಾಡ್ತೀನಿ, ಚಳಿ ಅಂತ ಹೇಳಿ. ಕೆಳಗೆ ಬಟ್ಟೆ ಒಗೆಯೋ ಮಿಷನ್ ಹಾಕ್ಬಿಟ್ಟು ಅದರ ಪಕ್ಕ ನಿಂತು ಅಳ್ತೀನಿ, ನಿನಗೆ ಕೇಳಿಸ್ಬಾರ್ದು ಅಂತ. ಆ ಮಿಷನ್ನಲ್ಲಿ ಎಷ್ಟೋ ಸಲ ಒಂದು ಬಟ್ಟೇನೂ ಇರಲ್ಲ ವರ್ಲಿನ್!”

ಫೋನಿನೊಳಗೆ ಡಾಕ್ಟರ್ ಮೆಲ್ಲಗೆ ಕೆಮ್ಮಿದರು. ಲವಾನ್‌ಗೆ ಆಗ ನೆನಪಾಯಿತು, ಇದನ್ನೆಲ್ಲ ಪರಸ್ಥಳದ ಗಂಡಸೊಬ್ಬ ಕೇಳುತ್ತಿದ್ದಾನೆಂದು. ನಾಚಿಕೆಯಿಂದ ಕುಸಿದು ಕೂತಳು.

“ಮಿಸೆಸ್ ಹೌಗ್‌ಸ್ಟಾಡ್,” ಡಾಕ್ಟರ್ ನಿಧಾನವಾಗಿ ಕೇಳಿದರು, “ಈಗ ಸಂಖ್ಯೆ ಎಷ್ಟು?”

“ಹತ್ತು.”

“ಮಾತ್ರೆ ಫೇಲ್ ಅಂತ ಬರೀತೀನಿ ಅಮ್ಮಾ. ಒಂದು ವರ್ಷಕ್ಕೆ ಇಂಜೆಕ್ಷನ್ ಮಂಜೂರು. ಯಜಮಾನ್ರನ್ನ ನಾಳೆನೇ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ.”

ಫೋನ್ ಇಟ್ಟ ಮೇಲೆ ರೋಸಾನ್ ಮೂಗೊರೆಸಿಕೊಂಡು, “ಹತ್ತು ನಿಜಾನಾ?” ಎಂದಳು.

“ಒಂಬತ್ತಿರಬಹುದು” ಎಂದಳು ಲವಾನ್ ಸಣ್ಣ ದನಿಯಲ್ಲಿ. “ಹತ್ತು ಕೊನೇದಲ್ವಾ. ಕೊನೇದನ್ನ ನಾನು ತಗೊಂಡ್ರೆ ಇನ್ನೊಬ್ರಿಗೆ?”

“ನಿಮ್ಮನ್ನ ತಿದ್ದೋಕೆ ದೇವರೇ ಬರ್ಬೇಕು. ಇಂಜೆಕ್ಷನ್ ಹಿಡಿಯೋಕೆ ಇನ್ನೂ ಕೆಲವು ವಾರ ಬೇಕು. ಅಲ್ಲಿವರೆಗೆ ನಾಳೆಯಿಂದ ಹನಿ ಹಾಕೋಕೆ ನಾನೇ ಬರ್ತೀನಿ.”

“ನಿಮಗ್ಯಾಕೆ ತೊಂದ್ರೆ—” ಎಂದು ಹೊರಟ ಲವಾನ್, ರೋಸಾನ್‌ಳ ಕಣ್ಣು ನೋಡಿ ಮಾತು ನುಂಗಿದಳು. “ಬನ್ನಿ. ಊಟಕ್ಕೂ ಇಲ್ಲೇ ಬನ್ನಿ.”

ಆ ಒಂದು ರಾತ್ರಿ ಮಾತ್ರ ತಾನೇ ಹಾಕುತ್ತೇನೆಂದು ಲವಾನ್ ಹಟ ಹಿಡಿದಳು. ವರ್ಲಿನ್ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿದ. ಅವಳು ಸೀಸೆಯನ್ನು ಅಂಗೈಗಳ ನಡುವೆ ಹಿಡಿದು ಅವನ ಮೇಲೆ ಬಾಗಿದಳು.

“ಬಿತ್ತಾ?”

ವರ್ಲಿನ್ ಬಾಯಿ ತೆರೆದ, ರೂಢಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡ. “ಇಲ್ಲ. ಮೂಗಿನ ಮೇಲೆ ಬಿತ್ತು.”

“ಅಲ್ಲಾಡ್ಬೇಡ. ಈಗ?”

“ಇಲ್ಲ ಕಣೇ. ಮತ್ತೆ ನಿನ್ನ ಮೊಣಕೈ ನನ್ನ ಎದೆ ಮೇಲೆ ಕೂತಿದೆ. ದಿನಾ ಕೂರುತ್ತೆ. ಉಸಿರಾಡೋಕಾಗಲ್ಲ.”

ಲವಾನ್ ಮೊಣಕೈ ತೆಗೆದಳು. ಅವನ ಮುಖವನ್ನೇ ನೋಡಿದಳು, ಎಷ್ಟೋ ವರ್ಷದ ಮೇಲೆ ನೋಡಿದವಳಂತೆ. ನಗು ಬರುತ್ತಿತ್ತು. ಕುರ್ಚಿಯೊಂದನ್ನು ಕಾಲಿನಿಂದ ಎಳೆದು ಅವನ ಪಕ್ಕಕ್ಕೆ ಹಾಕಿಕೊಂಡು ಕೂತಳು.

“ಇನ್ನೇನೇನಿದೆ?” ಎಂದಳು. “ಎಲ್ಲಾ ಹೇಳು, ಕೇಳ್ತೀನಿ.”