ಪಾಸ್ಕಲ್‌ಗೆ ಬಹುಮತ ಇಲ್ಲ

ಗೆಳೆಯರೇ, ನೋಟೀಸ್ ಬೋರ್ಡಿನಲ್ಲಿ ಇದನ್ನು ಅಂಟಿಸಿದವನು ನಾನೇ. ಹುಡುಕುವ ಶ್ರಮ ಬೇಡ.

ಉಡುಪಿಯ ನಮ್ಮ ಕಂಪ್ಯೂಟರ್ ಆಫೀಸಿನಲ್ಲಿ ತಾರೀಕು ಲೆಕ್ಕ ಹಾಕುವ ಒಂದೇ ಪ್ರೋಗ್ರಾಮು ಫೋರ್ಟ್ರಾನ್, ಕೋಬಾಲ್, ಪಾಸ್ಕಲ್ ಎಂಬ ಮೂರು ಭಾಷೆಗಳಲ್ಲಿ ಉಂಟು. ಉಳಿದ ಪ್ರೋಗ್ರಾಮರುಗಳು ಅದನ್ನು ಕಣ್ಣುಮುಚ್ಚಿ ನಂಬುತ್ತಾರೆ. ಮೂರೂ ಒಂದೇ ಉತ್ತರ ಕೊಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇವತ್ತು ಫೆಬ್ರವರಿ ಇಪ್ಪತ್ತೆಂಟು. ನಾಳೆ ಯಾವ ತಾರೀಕು ಎಂದು ಮೂರಕ್ಕೂ ಕೇಳಿದೆ. ಫೋರ್ಟ್ರಾನ್ ಮತ್ತು ಕೋಬಾಲ್ "ಮಾರ್ಚ್ ಒಂದು" ಎಂದವು. ಪಾಸ್ಕಲ್ ಮಾತ್ರ "ಫೆಬ್ರವರಿ ಇಪ್ಪತ್ತೊಂಬತ್ತು" ಎಂದಿತು.

ನಮ್ಮ ಮುಖ್ಯಸ್ಥ ಶೆಣೈ ಸರ್ ಮೂರೂ ಉತ್ತರ ಅಚ್ಚಾದ ಕಾಗದ ನೋಡಿ ತೀರ್ಪು ಕೊಟ್ಟರು: "ಇಬ್ಬರು ಒಂದೇ ಮಾತು ಹೇಳುವಾಗ ಮೂರನೆಯವನದ್ದು ಎಂತ ಅಧಿಕಪ್ರಸಂಗ? ಪಾಸ್ಕಲನ್ನು ಸರಿ ಮಾಡಿ."

"ಸರ್, ಕೋಬಾಲಿನದ್ದು ಫೋರ್ಟ್ರಾನ್ ನೋಡಿ ಬರೆದ ನಕಲು. ತಪ್ಪೂ ಒಟ್ಟಿಗೇ ಬಂದಿದೆ," ಎಂದೆ.

ಕಾರ್ಡ್ ಪಂಚ್ ಮಾಡುವ ಗ್ಲಾಡಿಸ್ ಬಾಯಿ ಗೋಡೆಯ ಕ್ಯಾಲೆಂಡರನ್ನೇ ತೆಗೆದು ತಂದರು. "ಇದು ಎಂಬತ್ತನಾಲ್ಕನೇ ಇಸವಿ, ಅಧಿಕ ವರ್ಷ ಅಲ್ವಾ ಸರ್? ನೋಡಿ, ಫೆಬ್ರವರಿಗೆ ಇಪ್ಪತ್ತೊಂಬತ್ತು ಉಂಟು."

"ಅದು ಜವಳಿ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರ್. ಕಂಪ್ಯೂಟರ್ ಅಮೆರಿಕದಿಂದ ಬಂದದ್ದು!" ಎಂದರು ಸರ್.

ಸರಿ, ಅಪ್ಪಣೆ. ಸರಿಯಾಗಿದ್ದ ಪಾಸ್ಕಲನ್ನೂ ಕೆಡಿಸಿ ಕೊಟ್ಟೆ. ಈಗ ಮೂರು ಭಾಷೆಗಳಲ್ಲೂ ಪೂರ್ಣ ಒಮ್ಮತ. ಸರ್ ಬೆನ್ನು ಬೇರೆ ತಟ್ಟಿದರು.

ಆ ಒಮ್ಮತದ ಪ್ರಕಾರ ಇಪ್ಪತ್ತೊಂಬತ್ತು ಎಂಬ ದಿನವೇ ಇಲ್ಲ. ಹಾಗಾಗಿ ನಾನು ಇನ್ನು ಆಫೀಸಿಗೆ ಬರುವುದು ಮಾರ್ಚ್ ಒಂದಕ್ಕೆ. ರಜೆ ಅರ್ಜಿ ಕೇಳಬೇಡಿ ಮಾರಾಯ್ರೆ, ಇಲ್ಲದ ದಿನಕ್ಕೆ ಎಂತ ರಜೆ?